ದುಡ್ಡು ಕೊಟ್ಟು ಮುಳುಗಡೆ ನೋಡಿದ್ದು

"ಮುಳುಗಡೆ ನೋಡುವುದಕ್ಕೆ ದುಡ್ಡು ಕೊಟ್ಟು ಹೋಗುತ್ತೀಯಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ನಾನು ಕೆನಡಾದ ಮಿಸ್ಸಿಸಾಗಾದ ಮನೆಯ ಗ್ಯಾರೇಜಿನಲ್ಲಿ ಕುಳಿತು ಸೀಸದ ತುಂಡುಗಳನ್ನು ಎಣಿಸುತ್ತಿದ್ದೆ. ಸಾಗರ ತಾಲ್ಲೂಕಿನಲ್ಲಿ ಮುಳುಗಡೆ ಎಂದರೆ ಒಂದೇ, ಅದು ಲಿಂಗನಮಕ್ಕಿ. 1964ರಲ್ಲಿ ಅಣೆಕಟ್ಟು ಮುಗಿಯಿತು, ಅಮ್ಮನ ತವರುಮನೆ ಶರಾವತಿಯ ಹಿನ್ನೀರಿಗೆ ಸೇರಿತು. ಆಗ ಅವಳಿಗೆ ಏಳು ವರ್ಷ. ಹೆಂಚು, ಬಾಗಿಲು, ಕಂಬಗಳನ್ನು ಹೇರಿದ ಲಾರಿಯ ಮೇಲೆ ಕುಳಿತು ಊರು ಬಿಟ್ಟವಳು. ಅವಳ ಮಗಳು ಹುರಾನ್ ಸರೋವರದ ತಳದಲ್ಲಿರುವ ಹಳೆಯ ಹಡಗುಗಳನ್ನು ನೋಡಲು ಮೂವತ್ತು ಪೌಂಡು ಸೀಸ ಕಟ್ಟಿಕೊಂಡು ನೀರಿಗೆ ಇಳಿಯುತ್ತಾಳೆ ಎಂದರೆ ಏನು ಹೇಳಬೇಕು? "ಹುಷಾರು" ಎಂದಳು. ಆಮೇಲೆ, "ಇಲ್ಲಿ ಇನ್ನೂ ಮಳೆ ಹಿಡಿದಿಲ್ಲ" ಎಂದಳು. ಜೂನ್ ಕೊನೆಯ ವಾರ.

ಸ್ಕೂಬಾದ ಹುಚ್ಚು ನನಗೆ ಹಿಡಿದದ್ದು ನೇತ್ರಾಣಿಯಲ್ಲಿ. ಊರಿಗೆ ಬಂದಿದ್ದಾಗ ಒಮ್ಮೆ ಮುರ್ಡೇಶ್ವರದಿಂದ ದೋಣಿ ಹತ್ತಿ ಹೋಗಿ, ಬೋಧಕನ ಕೈ ಹಿಡಿದುಕೊಂಡು ಅರ್ಧ ಗಂಟೆ ನೀರಿನೊಳಗಿದ್ದೆ. ಬೆಚ್ಚನೆಯ ನೀರು, ತೆಳ್ಳನೆಯ ಸೂಟು, ಬಣ್ಣದ ಮೀನು. ಕೆನಡಾಕ್ಕೆ ಮರಳಿದ ಮೇಲೆ ತರಗತಿಗೆ ಸೇರಿ ಮೊದಲ ಸರ್ಟಿಫಿಕೇಟು ಪಡೆದೆ, ಎರಡು ವರ್ಷ ಬಿಟ್ಟು ಎರಡನೆಯದನ್ನೂ ಪಡೆದೆ. ಮೊದಲನೆಯದರಲ್ಲಿ 60 ಅಡಿಯವರೆಗೆ ಹೋಗಬಹುದು, ಎರಡನೆಯದರಲ್ಲಿ 100 ಅಡಿಯವರೆಗೆ. ಇವೆಲ್ಲ ನಡೆದದ್ದು ನೀರು ತುಂಬಿದ ಹಳೆಯ ಕಲ್ಲುಕ್ವಾರಿಯಲ್ಲಿ. ಅಲ್ಲಿ ನೋಡಲು ಇದ್ದದ್ದು ಯಾರೋ ಮುಳುಗಿಸಿಟ್ಟ ಒಂದು ಶಾಲಾ ಬಸ್ಸು. ಹುರಾನ್ ಸರೋವರದ ದಡದ ಟೊಬರ್ಮೊರಿಗೆ ಹೋಗದವರನ್ನು ಡೈವರ್ ಎಂದು ಕರೆಯುವಂತಿಲ್ಲ ಎಂಬುದು ನಮ್ಮ ಗುಂಪಿನ ಹೊನ್ನಾವರದ ಹುಡುಗನ ವಾದ. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಾನೆ, ನೀರಿನ ವಿಷಯ ಬಂದರೆ ಮಾತ್ರ ಅಣ್ಣನಾಗಿಬಿಡುತ್ತಾನೆ.

ಗುಂಪು ಪ್ರವಾಸ ಎಂದರೆ ಎಲ್ಲ ಏರ್ಪಾಡೂ ಆಗಿರುತ್ತದೆ, ನಾವು ಚೀಲ ಹಿಡಿದು ಹೊರಟರೆ ಸಾಕು ಎಂದುಕೊಂಡಿದ್ದೆ. ಅರ್ಧ ನಿಜ. ದೋಣಿ, ವಸತಿ, ಸಿಲಿಂಡರುಗಳನ್ನು ಮುಖ್ಯಸ್ಥ ಬೋಧಕರು ನೋಡಿಕೊಂಡರು. ಚಳಿಯನ್ನು ಮಾತ್ರ ಅವರವರೇ ನೋಡಿಕೊಳ್ಳಬೇಕು. ಹುರಾನ್ ಸರೋವರ ಜೂನಿನಲ್ಲಿ ಮೇಲ್ಮೈಯಲ್ಲಿ ಹತ್ತು ಹನ್ನೊಂದು ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಕೆಳಗೆ ನಾಲ್ಕೈದು. ಸಿಹಿನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ, ಆದ್ದರಿಂದ ಆ ಚಳಿಯ ನೀರು ಬೇಸಿಗೆಯಲ್ಲೂ ತಳ ಬಿಟ್ಟು ಏಳುವುದಿಲ್ಲ. ನೀರು ಒಳಗೇ ಬಾರದ ಡ್ರೈಸೂಟು ಹಾಕಿಕೊಳ್ಳುವವರು ಪುಣ್ಯವಂತರು, ಅದಕ್ಕೆ ಬೇರೆ ತರಬೇತಿ ಬೇಕು, ಬೇರೆ ದುಡ್ಡೂ ಬೇಕು. ನನಗೆ ಬಾಡಿಗೆಗೆ ಸಿಕ್ಕಿದ್ದು 7 ಮಿಲಿಮೀಟರ್ ದಪ್ಪದ ಎರಡು ತುಂಡಿನ ವೆಟ್‌ಸೂಟು. ಎದೆಯ ಮೇಲೆ ಎರಡೂ ತುಂಡು ಸೇರಿ 14 ಮಿಲಿಮೀಟರ್ ರಬ್ಬರು. ಅದನ್ನು ಹಾಕಿಕೊಳ್ಳುವುದೆಂದರೆ ಒದ್ದೆ ಗೋಣಿಚೀಲಕ್ಕೆ ಹಲಸಿನಹಣ್ಣು ತುಂಬಿದ ಹಾಗೆ.

ಸೀಸದ ಲೆಕ್ಕವೂ ಇಲ್ಲಿಂದಲೇ ಶುರು. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಭಾರ. ಹಾಗಾಗಿ ಅದು ನಮ್ಮನ್ನು ಹೆಚ್ಚು ತೇಲಿಸುತ್ತದೆ, ಮುಳುಗಲು ಹೆಚ್ಚು ಸೀಸ ಬೇಕಾಗುತ್ತದೆ. ಸಾಮಾನು ಸೇರಿ ನೂರು ಕಿಲೋ ತೂಗುವವರು ಸಿಹಿನೀರಿಗೆ ಬಂದರೆ ಎರಡೂವರೆ ಕಿಲೋ ಸೀಸ ಕಳಚಿಡಬಹುದು. ಇದನ್ನು ಪುಸ್ತಕದಲ್ಲಿ ಓದಿ ಹಿಗ್ಗಿದ್ದೆ. ದಪ್ಪ ರಬ್ಬರಿನೊಳಗೆ ತುಂಬಿರುವ ಗಾಳಿಗುಳ್ಳೆಗಳು ಆ ಹಿಗ್ಗನ್ನು ಇಳಿಸಿದವು. ನೇತ್ರಾಣಿಯಲ್ಲಿ ಸೊಂಟಕ್ಕೆ ಹತ್ತು ಪೌಂಡು ಸಾಕಾಗಿದ್ದ ನಾನು ಮೇ ತಿಂಗಳಿನಲ್ಲಿ ಈಜುಕೊಳದ ಅಭ್ಯಾಸಕ್ಕೆ ಇಳಿದರೆ ಇಪ್ಪತ್ತು ಪೌಂಡು ಕಟ್ಟಿಕೊಂಡೂ ಬೆಂಡಿನಂತೆ ತೇಲುತ್ತಿದ್ದೆ. ಕೊನೆಗೆ 28ಕ್ಕೆ ನಿಂತಿತು. ಇನ್ನೆರಡು ಪೌಂಡು ಇರಲಿ ಎಂದು ಚೀಲಕ್ಕೆ ಹಾಕಿಕೊಂಡೆ.

ಶುಕ್ರವಾರ ಸಂಜೆ ಹೊರಟೆವು. ಟೊರೊಂಟೊದಿಂದ ಸುಮಾರು 300 ಕಿಲೋಮೀಟರ್. ಓವನ್ ಸೌಂಡ್ ದಾಟಿ, ಗ್ರೌಂಡ್‌ಹಾಗ್ ಎಂಬ ಅಳಿಲಿನ ಜಾತಿಯ ಪ್ರಾಣಿಯ ನೆರಳು ನೋಡಿ ವಸಂತ ಎಂದು ಬರುತ್ತದೆಂದು ಭವಿಷ್ಯ ಹೇಳುವ ವೈಯರ್ಟನ್ ಪಟ್ಟಣವನ್ನೂ ದಾಟಿದರೆ ಬ್ರೂಸ್ ಪರ್ಯಾಯದ್ವೀಪ. ಆರನೆಯ ಹೆದ್ದಾರಿ ನೇರವಾಗಿ ಹೋಗಿ ನೀರಿನ ಅಂಚಿನಲ್ಲಿ ಮುಗಿಯುತ್ತದೆ, ಅದೇ ಟೊಬರ್ಮೊರಿ. ರಸ್ತೆ ಮುಗಿದ ಮೇಲೆ ಕಾರುಗಳನ್ನು ಮ್ಯಾನಿಟೂಲಿನ್ ದ್ವೀಪಕ್ಕೆ ದಾಟಿಸುವುದು ಚಿ-ಚೀಮಾನ್ ಎಂಬ ದೊಡ್ಡ ಹಡಗು. ಓಜಿಬ್ವೆ ಭಾಷೆಯಲ್ಲಿ ಹಾಗೆಂದರೆ ದೊಡ್ಡ ದೋಣಿ. ಸಿಗಂದೂರಿನ ಲಾಂಚಿಗೆ ಬಸ್ಸು ಹತ್ತಿಸುವುದನ್ನು ನೋಡಿ ಬೆಳೆದ ನನಗೆ ಅದರ ಬಾಯಿ ತೆರೆದು ಕಾರುಗಳು ಇಳಿಯುವುದನ್ನು ನೋಡುತ್ತಾ ನಿಲ್ಲುವುದರಲ್ಲಿ ಒಂದು ಸುಖವಿತ್ತು. ಸಿಗಂದೂರಿನಲ್ಲಿ ಈಗ ಸೇತುವೆ ಬಂದಿದೆ. ಒಳ್ಳೆಯದೇ ಆಯಿತು, ಆದರೂ.

ಶನಿವಾರ ಬೆಳಗ್ಗೆ ಮೊದಲ ಕೆಲಸ ನೋಂದಣಿ. ಇಲ್ಲಿನ ನೀರು ಫ್ಯಾದಮ್ ಫೈವ್ ಎಂಬ ರಾಷ್ಟ್ರೀಯ ಜಲ ಉದ್ಯಾನ. ಮೊದಲು ಪ್ರಾಂತ್ಯದ ಉದ್ಯಾನವಾಗಿತ್ತು, 1987ರಲ್ಲಿ ರಾಷ್ಟ್ರೀಯವಾಯಿತು. ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಮುಳುಗಿದ ಹಡಗುಗಳಿವೆ. ಸರ್ಟಿಫಿಕೇಟು ತೋರಿಸಿ, ಹೆಸರು ಬರೆಸಿ, ಒಂದು ಬಿಲ್ಲೆ ಪಡೆದು ಸಾಮಾನಿಗೆ ಕಟ್ಟಿಕೊಳ್ಳಬೇಕು. ನಿಯಮಗಳನ್ನು ಓದಿ ಹೇಳಿದ ಸಿಬ್ಬಂದಿ ಒಂದನ್ನು ಎರಡು ಸಲ ಹೇಳಿದರು. ಹಡಗಿನಿಂದ ಏನನ್ನೂ ತರುವಂತಿಲ್ಲ, ಒಂದು ಮೊಳೆಯನ್ನೂ. ಕಾವಲಿಲ್ಲದ ಕಾಲದಲ್ಲಿ ನೀರಿಗಿಳಿದವರೆಲ್ಲ ಗಂಟೆ, ತಟ್ಟೆ, ರಾಟೆಗಳನ್ನು ಕಿತ್ತುಕೊಂಡು ಹೋಗುತ್ತಿದ್ದರಂತೆ.

ಈ ಹಡಗುಗಳು ಹೀಗೆ ಉಳಿದಿರುವುದು ಏಕೆ ಎಂದು ದೋಣಿಯಲ್ಲಿ ಕುಳಿತು ಕೇಳಿದ್ದಕ್ಕೆ ಹೊನ್ನಾವರದವನು ಪಾಠ ಮಾಡಿದ. "ಅಕ್ಕಾ, ನಮ್ಮ ಕಡೆ ಮರದ ದೋಣಿಯನ್ನು ದಡಕ್ಕೆ ಎಳೆದು ಎಣ್ಣೆ ಬಳಿಯದಿದ್ದರೆ ಹುಳು ಕೊರೆದು ಜರಡಿ ಮಾಡಿಬಿಡುತ್ತದೆ. ಆ ಹುಳುವಿಗೆ ಉಪ್ಪುನೀರು ಬೇಕು. ಇಲ್ಲಿ ಉಪ್ಪಿಲ್ಲ, ಹುಳುವೂ ಇಲ್ಲ." ಅದಕ್ಕೆ ಚಳಿ ಸೇರಿಕೊಂಡರೆ ಮರವನ್ನು ಕೊಳೆಸುವ ಜೀವಿಗಳೂ ಮಂದವಾಗುತ್ತವೆ. ನನಗೆ ಚೀಲದಲ್ಲಿದ್ದ ಅಪ್ಪೆಮಿಡಿಯ ಬಾಟಲಿ ನೆನಪಾಯಿತು. ಮಿಡಿ ಕೆಡದಂತೆ ಇಡುವುದು ಉಪ್ಪು, ಹಡಗಿಗೆ ಅದೇ ಉಪ್ಪು ಆಗಿಬರುವುದಿಲ್ಲ.

ಮೊದಲ ಇಳಿತ ಡಬ್ಲ್ಯು. ಎಲ್. ವೆಟ್‌ಮೋರ್. 1871ರಲ್ಲಿ ಕಟ್ಟಿದ ಉಗಿಹಡಗು, 1901ರ ನವೆಂಬರಿನ ಬಿರುಗಾಳಿಯಲ್ಲಿ ರಸೆಲ್ ದ್ವೀಪದ ಹತ್ತಿರ ಒಡೆಯಿತು. ಆಳ ಹೆಚ್ಚೆಂದರೆ 30 ಅಡಿ, ಆದ್ದರಿಂದ ಸೀಸ ಸರಿಯಿದೆಯೇ, ಮಾಸ್ಕ್ ಸೋರುತ್ತದೆಯೇ ಎಂದು ನೋಡಿಕೊಳ್ಳಲು ಎಲ್ಲ ಗುಂಪುಗಳನ್ನೂ ಮೊದಲು ಇಲ್ಲಿಗೇ ತರುತ್ತಾರೆ. ನನ್ನ ಜೋಡಿಯಾಗಿ ಸಿಕ್ಕವರು ನಿವೃತ್ತ ನರ್ಸ್ ಒಬ್ಬರು, ವಯಸ್ಸು ಅರವತ್ತು ದಾಟಿದೆ, ಈ ಹಡಗನ್ನು ಎಷ್ಟು ಸಲ ನೋಡಿದ್ದೇನೆಂದು ಎಣಿಸುವುದನ್ನು ಬಿಟ್ಟಿದ್ದಾರೆ. ಅವರು ಫ್ಲಾಸ್ಕಿನಿಂದ ಬೆಚ್ಚನೆಯ ನೀರನ್ನು ನನ್ನ ಕೈಗವಸಿನೊಳಗೆ ಸುರಿದು, ಸೂಟಿನ ಕುತ್ತಿಗೆಯೊಳಗೂ ಒಂದು ಲೋಟ ಸುರಿದರು. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ದೋಣಿಯ ಹಿಂಬದಿಯಿಂದ ಒಂದು ದೊಡ್ಡ ಹೆಜ್ಜೆ. ನೀರು ಮುಖಕ್ಕೆ ಬಡಿದ ಕೂಡಲೇ ಮಾಸ್ಕಿಗೂ ತಲೆಗವಸಿಗೂ ನಡುವೆ ಬಯಲಾಗಿದ್ದ ಎರಡು ಬೆರಳಿನ ಹಣೆಯಲ್ಲಿ, ಐಸ್‌ಕ್ಯಾಂಡಿಯನ್ನು ಗಬಗಬನೆ ತಿಂದಾಗ ಹಿಡಿಯುತ್ತದಲ್ಲ, ಆ ನೋವು. ಒಂದು ನಿಮಿಷ ಉಸಿರು ನನ್ನ ಮಾತು ಕೇಳಲಿಲ್ಲ. ಹಗ್ಗ ಹಿಡಿದು ನಿಧಾನಕ್ಕೆ ಉಸಿರು ಬಿಡುತ್ತಾ ಕಾದೆ. ಆಮೇಲೆ ಕೆಳಗೆ ನೋಡಿದೆ. ನೀರು ಇಷ್ಟು ತಿಳಿಯಾಗಿರುತ್ತದೆಂದು ಅಂದುಕೊಂಡಿರಲಿಲ್ಲ. ಮನೆ ಗಾತ್ರದ ಬಾಯ್ಲರ್ ಒಂದು ಬೆಳಕಿನಲ್ಲಿ ಸುಮ್ಮನೆ ಕುಳಿತಿತ್ತು. ಸುತ್ತ ಹಲಗೆ, ಸರಪಳಿ, ಮಗುಚಿಬಿದ್ದ ಚುಕ್ಕಾಣಿ. ನೇತ್ರಾಣಿಯ ಬಣ್ಣದ ಮೀನುಗಳು ಇಲ್ಲಿಲ್ಲ. ಎಲ್ಲವೂ ಹಸಿರು ಮಿಶ್ರಿತ ಬೂದು. ಅರ್ಧ ಗಂಟೆ ಸುತ್ತಿ ಮೇಲೆ ಬಂದಾಗ ತುಟಿ ಮರಗಟ್ಟಿ, "ಚೆನ್ನಾಗಿತ್ತು" ಎಂಬ ಒಂದು ಮಾತೂ ನೆಟ್ಟಗೆ ಹೊರಡಲಿಲ್ಲ.

ಪ್ರತಿ ಇಳಿತವಾದ ಮೇಲೂ ದೋಣಿಯ ಕ್ಯಾಪ್ಟನ್ ಹಾಜರಿ ಕರೆಯುತ್ತಾರೆ. ಒಬ್ಬೊಬ್ಬರ ಹೆಸರು ಹೇಳಿ, ಮುಖ ನೋಡಿ, ಅವರ ಬಾಯಿಂದಲೇ ಉತ್ತರ ಬಂದ ಮೇಲೆ ಗುರುತು ಹಾಕುತ್ತಾರೆ. ಪಕ್ಕದವರು "ಅವರೂ ಬಂದಿದ್ದಾರೆ" ಎಂದರೆ ನಡೆಯುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಗೆಳತಿಯ ಪರವಾಗಿ ಹಾಜರಿ ಹೇಳಿ ಪೆಟ್ಟು ತಿಂದವಳು ನಾನು. ಈ ಹಾಜರಿಯ ಗಂಭೀರತೆ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಅರ್ಥವಾಯಿತು.

ಮಧ್ಯಾಹ್ನದ ಹಡಗಿನ ಹೆಸರು ನಯಾಗರಾ-2. ಇದು ಅಪಘಾತದಲ್ಲಿ ಮುಳುಗಿದ್ದಲ್ಲ. 1930ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಉಕ್ಕಿನ ಹಡಗನ್ನು ಶುಚಿ ಮಾಡಿ, ಡೈವರುಗಳು ಸಿಕ್ಕಿಹಾಕಿಕೊಳ್ಳದಂತೆ ಅಲ್ಲಲ್ಲಿ ಕೊರೆದು ದಾರಿ ಮಾಡಿ, 1999ರಲ್ಲಿ ಬೇಕೆಂದೇ ಮುಳುಗಿಸಿದ್ದಾರೆ. ಉದ್ದ 182 ಅಡಿ, ನೆಟ್ಟಗೆ ನಿಂತಿದೆ. ಮೇಲ್ಭಾಗ ಸುಮಾರು 45 ಅಡಿಯಲ್ಲಿ, ತಳ ಸುಮಾರು 90 ಅಡಿಯಲ್ಲಿ. ನಮ್ಮ ಲೆಕ್ಕ 70 ಅಡಿ ಮೀರಬಾರದು ಎಂದಿತ್ತು.

ಹೊರಡುವ ಮೊದಲು ದೋಣಿಯ ಮೇಲೆ ಗಾಳಿ ಬೀಸುತ್ತಿತ್ತು. ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಹದ ಮಾಡಿ ಕೊಡುವ ರೆಗ್ಯುಲೇಟರ್ ಸರಿಯಿದೆಯೇ ಎಂದು ಬಾಯಿಗಿಟ್ಟು ನಾಲ್ಕೈದು ಸಲ ಉಸಿರಾಡಿದೆ, ಅದರ ಮುಂಭಾಗದ ಗುಂಡಿಯನ್ನೂ ಮೂರು ಸಲ ಒತ್ತಿ ಬುಸ್ ಬುಸ್ ಎನ್ನಿಸಿದೆ. ಬೆಚ್ಚನೆಯ ಸಮುದ್ರದಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಅದು. ಇಲ್ಲಿ ಮಾಡಬಾರದಿತ್ತು.

ಹಗ್ಗ ಹಿಡಿದು ಇಳಿದೆವು. 40 ಅಡಿ ದಾಟುತ್ತಿದ್ದಂತೆ ನೀರು ಕಣ್ಣಿಗೆ ಕಾಣುವಂತೆ ಬದಲಾಯಿತು, ಬಿಸಿನೀರಿಗೆ ಸಕ್ಕರೆಪಾಕ ಸುರಿದಾಗ ಗೆರೆಗೆರೆಯಾಗಿ ಕದಡುವುದಿಲ್ಲವೇ, ಹಾಗೆ. ಆ ಗೆರೆಯ ಕೆಳಗೆ ಕಾಲು ಹೋದಾಗ ಕಾಲಿಗೆ, ಸೊಂಟ ಹೋದಾಗ ಸೊಂಟಕ್ಕೆ ಹೊಸ ಚಳಿ. ಕೈಗಡಿಯಾರದಂಥ ಕಂಪ್ಯೂಟರು 5 ಡಿಗ್ರಿ ತೋರಿಸಿತು. 60 ಅಡಿಯಲ್ಲಿ ನೀರಿನ ಒತ್ತಡ ಮೇಲಿನದಕ್ಕಿಂತ ಹತ್ತಿರ ಹತ್ತಿರ ಮೂರು ಪಟ್ಟು. ಸೂಟಿನ ರಬ್ಬರು ಹಪ್ಪಳದಂತೆ ತೆಳುವಾಗುತ್ತದೆ. ಆಗ ಬೆಚ್ಚಗಿಡುವ ಶಕ್ತಿ ಹೋಯಿತು, ತೇಲಿಸುವ ಶಕ್ತಿಯೂ ಹೋಯಿತು. ಮೇಲೆ ಮುಳುಗಲು ಬೇಕಾಗಿದ್ದ ಆ ಸೀಸವೇ ಈಗ ನನ್ನನ್ನು ಕಲ್ಲಿನಂತೆ ಕೆಳಗೆ ಎಳೆಯತೊಡಗಿತು. ಹಡಗಿನ ಕಟಾಂಜನ ಕಣ್ಣೆದುರೇ ಮೇಲಕ್ಕೆ ಸರಿದುಹೋಯಿತು. ಗಾಬರಿಯಲ್ಲಿ, ಡೈವರನ್ನು ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿಯನ್ನು ಒತ್ತಿ ಹಿಡಿದೆ, ಅದೇ ಕ್ಷಣದಲ್ಲಿ ಉದ್ದಕ್ಕೆ ಒಂದು ಉಸಿರನ್ನೂ ಎಳೆದೆ.

ಟಕ್ ಎಂದು ಒಂದು ಸದ್ದು. ಆಮೇಲೆ ಬಾಯಿಯಲ್ಲಿದ್ದದ್ದು ಅಕ್ಕಿಗಿರಣಿಯಂತೆ ಗರ್ಜಿಸತೊಡಗಿತು. ಗಾಳಿ ನಾನು ಎಳೆದಾಗ ಬರುವುದನ್ನು ಬಿಟ್ಟು ತಾನೇ ನುಗ್ಗುತ್ತಿತ್ತು. ಕೆನ್ನೆ ಉಬ್ಬಿತು, ಮಾಸ್ಕಿನ ಅಂಚು ಎದ್ದು ಮೂಗಿಗೆ ನೀರು ಬಂತು. ಗುಳ್ಳೆಗಳ ಬಿಳಿ ಗೋಡೆಯ ಆಚೆ ಏನೂ ಕಾಣಲಿಲ್ಲ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ನೋಡಿದೆ, 2100 ಪಿಎಸ್‌ಐ. ಮತ್ತೆ ನೋಡಿದೆ. ಗಡಿಯಾರದ ಸೆಕೆಂಡಿನ ಮುಳ್ಳು ಹಿಂದಕ್ಕೆ ತಿರುಗಿದ ಹಾಗೆ ಅದು ಇಳಿಯುತ್ತಿತ್ತು.

ನಡೆದದ್ದು ಇಷ್ಟೇ. ಸಿಲಿಂಡರಿನ ಗಾಳಿ ಅಷ್ಟು ದೊಡ್ಡ ಒತ್ತಡದಿಂದ ಒಮ್ಮೆಲೇ ಸಣ್ಣ ಒತ್ತಡಕ್ಕೆ ಬಿಡುಗಡೆಯಾಗುವಾಗ ವಿಪರೀತ ತಣ್ಣಗಾಗುತ್ತದೆ. ಸುತ್ತಲಿನ ನೀರು ಬೆಚ್ಚಗಿದ್ದರೆ ಆ ಲೋಹವನ್ನು ಕಾಯಿಸಿ ಕಾಪಾಡುತ್ತದೆ. 5 ಡಿಗ್ರಿಯ ನೀರಿಗೆ ಆ ಶಕ್ತಿಯಿಲ್ಲ. ನಾನು ದೋಣಿಯ ಮೇಲೆ ಊದಿದ ಉಸಿರಿನ ತೇವ ಒಳಗಿತ್ತು. ಜಾಕೆಟ್ಟಿಗೂ ಶ್ವಾಸಕ್ಕೂ ಒಟ್ಟಿಗೇ ಗಾಳಿ ಕೇಳಿದಾಗ ಒಳಗೆ ಹಿಮ ಕಟ್ಟಿ ವಾಲ್ವ್ ತೆರೆದ ಬಾಯಿ ಮುಚ್ಚದೆ ನಿಂತುಬಿಟ್ಟಿತು. ಇದಕ್ಕೆ ಫ್ರೀ-ಫ್ಲೋ ಎನ್ನುತ್ತಾರೆ. ತುಂಬಿದ ಸಿಲಿಂಡರು ಕೆಲವೇ ನಿಮಿಷಗಳಲ್ಲಿ ಖಾಲಿ.

ಇದನ್ನೆಲ್ಲ ಆಮೇಲೆ ಬಿಸಿಲಿನಲ್ಲಿ ಕುಳಿತು ತಿಳಿದುಕೊಂಡದ್ದು. ಆ ಹೊತ್ತಿಗೆ ತಿಳಿದದ್ದು ನನ್ನ ಭುಜದ ಪಟ್ಟಿಯನ್ನು ಯಾರೋ ಬಿಗಿಯಾಗಿ ಹಿಡಿದದ್ದು ಮಾತ್ರ. ಗುಳ್ಳೆಗಳ ನಡುವಿನಿಂದ ಹಳದಿ ಬಣ್ಣದ ಒಂದು ರೆಗ್ಯುಲೇಟರ್ ಬಂದು ಬಾಯಿಗೆ ತಗುಲಿತು. ಗರ್ಜಿಸುವುದನ್ನು ಉಗಿದು ಇದನ್ನು ಕಚ್ಚಿಕೊಂಡೆ, ಒಳಗಿದ್ದ ನೀರನ್ನು ಊದಿ ಹೊರಹಾಕಿ ಎಳೆದೆ. ಗಾಳಿ ಬಂತು. ನರ್ಸಮ್ಮ ನನ್ನ ಹಿಂದೆ ಕೈ ಹಾಕಿ ನನ್ನ ಸಿಲಿಂಡರಿನ ತಿರುಗಣೆಯನ್ನು ತಿರುಗಿಸಿ ಮುಚ್ಚಿದರು. ಸದ್ದು ನಿಂತಿತು. ಅಷ್ಟು ದೊಡ್ಡ ನಿಶ್ಶಬ್ದವನ್ನು ನಾನು ಮೊದಲು ಕೇಳಿರಲಿಲ್ಲ. ಅವರು ಹೆಬ್ಬೆರಳನ್ನು ಮೇಲಕ್ಕೆತ್ತಿದರು. ನೆಲದ ಮೇಲೆ ಅದಕ್ಕೆ ಶಹಬ್ಬಾಸ್ ಎಂದರ್ಥ, ನೀರಿನೊಳಗೆ ಮೇಲೆ ಹೋಗೋಣ ಎಂದು. ನಾನೂ ಎತ್ತಿದೆ.

ಕಷ್ಟದ ಕೆಲಸ ಇದಾದ ಮೇಲಿನದು. ಓಡಿಹೋಗಬೇಕೆನ್ನಿಸುವಾಗ ನಿಧಾನಕ್ಕೆ ಹೋಗಬೇಕು. ನಿಮಿಷಕ್ಕೆ 30 ಅಡಿಗಿಂತ ವೇಗವಾಗಿ ಏರುವಂತಿಲ್ಲ, ಉಸಿರು ಹಿಡಿಯುವಂತಿಲ್ಲ, 15 ಅಡಿಯಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಲ್ಲಬೇಕು. ಒಬ್ಬರ ಸಿಲಿಂಡರಿನಲ್ಲಿ ಇಬ್ಬರ ಉಸಿರು. ಅವರ ಮಾಸ್ಕಿನ ಗಾಜಿನಾಚೆ ಎರಡು ನೀಲಿ ಕಣ್ಣು, ಆಸ್ಪತ್ರೆಯಲ್ಲಿ ಡ್ರಿಪ್ಪಿನ ಹನಿ ಎಣಿಸುವವರ ಕಣ್ಣಿನ ಹಾಗೆ, ನನ್ನ ಗುಳ್ಳೆಗಳನ್ನು ಎಣಿಸುತ್ತಿದ್ದವು. ಮೇಲೆ ಬಂದಾಗ ನನ್ನ ವಾಲ್ವ್ ಮುಚ್ಚಿದ್ದರಿಂದ ಜಾಕೆಟ್ಟಿಗೂ ಗಾಳಿಯಿರಲಿಲ್ಲ. ಕೊಳವೆಗೆ ಬಾಯಿಟ್ಟು ಪೀಪಿ ಊದಿದಂತೆ ಊದಿ ತುಂಬಿಸಬೇಕಾಯಿತು. ಊದುವಾಗ ಹಲ್ಲು ಕಟಕಟ ಎನ್ನುತ್ತಿತ್ತು.

ದೋಣಿ ಹತ್ತಿದ ಮೇಲೆ ಹಾಜರಿ. ನನ್ನ ಹೆಸರಿಗೆ ನಾನೇ ಉತ್ತರ ಕೊಟ್ಟೆ. ನರ್ಸಮ್ಮ ಕೇಳಿದ್ದು ಒಂದೇ ಮಾತು: "ಚಹಾ ಬೇಕೇ?"

ಬೋಧಕರು ಬೈಯಲಿಲ್ಲ. ಸಾಮಾನಿನಲ್ಲಿ ದೋಷ ಹುಡುಕೋಣ ಎಂದು ನಾನು ಹೊರಟಿದ್ದೆ, ಅವರು ದೋಣಿಯ ಮೇಲೆ ನಾನು ಮಾಡಿದ ಬುಸ್ ಬುಸ್ ಅನ್ನು ನೆನಪಿಸಿದರು. ಚಳಿನೀರಿನಲ್ಲಿ ರೆಗ್ಯುಲೇಟರಿನ ಮೊದಲ ಉಸಿರನ್ನು ನೀರಿಗಿಳಿದ ಮೇಲೆ ತೆಗೆದುಕೊಳ್ಳಬೇಕು. ಜಾಕೆಟ್ಟಿಗೆ ಗಾಳಿಯನ್ನು ಚಿಟಿಕೆ ಚಿಟಿಕೆಯಾಗಿ ಕೊಡಬೇಕು, ಉಸಿರು ಬಿಡುವಾಗ ಕೊಡಬೇಕು, ಎಳೆಯುವಾಗ ಕೊಡಬಾರದು. ತರಗತಿಯಲ್ಲಿ ಇದನ್ನು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಸರಿ ಉತ್ತರವನ್ನೂ ಬರೆದಿದ್ದೆ.

ರಾತ್ರಿ ಒಂಬತ್ತರವರೆಗೂ ಬೆಳಕಿತ್ತು. ವಸತಿಯ ಹಿಂದಿನ ಮೇಜಿನಲ್ಲಿ ಎಲ್ಲರೂ ಸುಟ್ಟ ಮಾಂಸ ತಿನ್ನುತ್ತಿದ್ದಾಗ ನಾವಿಬ್ಬರು ಕನ್ನಡದವರು ಮೊಸರನ್ನ ಕಲಸಿದೆವು. ನರ್ಸಮ್ಮ ಅಪ್ಪೆಮಿಡಿಯನ್ನು ತೊಟ್ಟಿನ ಸಮೇತ ಬಾಯಿಗಿಟ್ಟು, ಕಣ್ಣು ಅಗಲ ಮಾಡಿ, ಬಾಟಲಿಯನ್ನು ತಮ್ಮ ಕಡೆಗೇ ಎಳೆದುಕೊಂಡರು. ಮರುದಿನದ ಮಾತು ಬಂತು. ಭಾನುವಾರ ಬೆಳಗ್ಗೆ ಅನುಭವಿಗಳು ಅರೇಬಿಯಾಕ್ಕೆ ಹೋಗುವವರು. 1853ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಕಟ್ಟಿದ ಮೂರು ಪಟಸ್ತಂಭದ ಹಡಗು, 1884ರ ಅಕ್ಟೋಬರಿನಲ್ಲಿ ಶಿಕಾಗೊದಿಂದ ಮೆಕ್ಕೆಜೋಳ ಹೊತ್ತು ಬರುವಾಗ ಎಕೋ ದ್ವೀಪದ ಬಳಿ ಮುಳುಗಿತು. ಮೂಗಿನ ಮುಂದಿನ ಉದ್ದನೆಯ ಮರವೂ ಲಂಗರುಗಳೂ ಇದ್ದಲ್ಲೇ ಇವೆ. 110 ಅಡಿಗೂ ಕೆಳಗಿದೆ. ಅಲ್ಲಿ ಡೈವರುಗಳೂ ಸತ್ತಿದ್ದಾರೆ. ನನ್ನ ಸರ್ಟಿಫಿಕೇಟಿಗೆ ಅದು ಹೇಗೂ ಎಟುಕದು. ಆದರೆ ಉಳಿದವರು ನಯಾಗರಾಕ್ಕೇ ಮತ್ತೊಮ್ಮೆ ಹೋಗುವ ಯೋಚನೆಯಲ್ಲಿದ್ದರು. "ಬೀಳಿಸಿದ ಕುದುರೆಯನ್ನೇ ಮತ್ತೆ ಹತ್ತಬೇಕು" ಎಂದರು ಒಬ್ಬರು. ನನಗೆ ಕುದುರೆಯ ಅನುಭವವಿಲ್ಲ. ನಾನು ಸ್ವೀಪ್‌ಸ್ಟೇಕ್ಸ್ ಎಂಬ ಹಡಗಿಗೆ ಹೋಗುತ್ತೇನೆ ಎಂದೆ.

"ಅಕ್ಕಾ, ಅದು 20 ಅಡಿ" ಎಂದ ಹೊನ್ನಾವರದವನು. "ಗಾಜಿನ ತಳದ ದೋಣಿಯಲ್ಲಿ ಕುಳಿತ ಅಜ್ಜಿಯರೂ ಅದನ್ನು ನೋಡುತ್ತಾರೆ."

"ನೀನು ಅರೇಬಿಯಾ ನೋಡಿಕೊಂಡು ಬಾ. ಅಜ್ಜಿಯರ ಹಡಗು ನನಗಿರಲಿ."

ನರ್ಸಮ್ಮ ತಾವೂ ನನ್ನೊಡನೆ ಬರುವುದಾಗಿ ಹೇಳಿದರು. ಕರುಣೆಯಿಂದಲೋ ಉಪ್ಪಿನಕಾಯಿಯಿಂದಲೋ ತಿಳಿಯದು.

ಬಿಗ್ ಟಬ್ ಎಂಬ ಕಿರಿದಾದ ಬಂದರಿನ ಕೊನೆಯಲ್ಲಿ ಸ್ವೀಪ್‌ಸ್ಟೇಕ್ಸ್ ಇದೆ. 1867ರಲ್ಲಿ ಬರ್ಲಿಂಗ್ಟನ್‌ನಲ್ಲಿ ಕಟ್ಟಿದ ಎರಡು ಪಟಸ್ತಂಭದ ಹಡಗು, ಉದ್ದ 119 ಅಡಿ, ಹೊರುತ್ತಿದ್ದದ್ದು ಕಲ್ಲಿದ್ದಲು. 1885ರ ಆಗಸ್ಟಿನಲ್ಲಿ ಕೋವ್ ದ್ವೀಪದ ಬಳಿ ಪೆಟ್ಟು ತಿಂದಿತು. ಎಳೆದು ತಂದು ಇಲ್ಲಿ ನಿಲ್ಲಿಸಿದರು. ರಿಪೇರಿಯಾಗದಷ್ಟು ಒಡೆದಿತ್ತು, ಸೆಪ್ಟೆಂಬರಿನಲ್ಲಿ ನಿಂತಲ್ಲೇ ಕುಳಿತುಬಿಟ್ಟಿತು. ಕಲ್ಲಿದ್ದಲನ್ನು ಮೇಲೆತ್ತಿಕೊಂಡರು, ಹಡಗನ್ನು ಬಿಟ್ಟರು. ಪ್ರವಾಸಿ ದೋಣಿಗಳು ಓಡಾಡುವ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಮಾತ್ರ ಡೈವರುಗಳಿಗೆ ಅವಕಾಶ. ಬೆಳಗ್ಗೆ ಬೇಗ ಇಳಿದೆವು. ರೆಗ್ಯುಲೇಟರಿನ ಮೊದಲ ಉಸಿರನ್ನು ನೀರಿನೊಳಗೇ ತೆಗೆದುಕೊಂಡೆ.

ನಯಾಗರಾದಲ್ಲಿ ನಾನು ಹಡಗನ್ನು ನೋಡಿಯೇ ಇರಲಿಲ್ಲ, ಮುಳ್ಳನ್ನು ನೋಡಿದ್ದೆ. ಇಲ್ಲಿ ಗಾಳಿ ಬೇಕಾದಷ್ಟು ಇತ್ತು, ಬಿಸಿಲು ನೇರವಾಗಿ ಹಲಗೆಗಳ ಮೇಲೆ ಬಿದ್ದಿತ್ತು, ಅವಸರವಿರಲಿಲ್ಲ. ಮುಂಭಾಗದಲ್ಲಿ ಲಂಗರಿನ ಸರಪಳಿ ಸುತ್ತುವ ಮರದ ದೊಡ್ಡ ಉರುಳೆ. ಅದರ ಮುಂದೆ ತೇಲುತ್ತಾ ನಿಂತೆ. ಮರದ ಒಂದು ಮಗ್ಗುಲು ಸವೆದು ನುಣುಪಾಗಿತ್ತು, ಗಾಣದ ದಿಂಡು ಸವೆಯುವ ಹಾಗೆ. ಸರಪಳಿ ಉಜ್ಜಿ ಉಜ್ಜಿ ಆದ ಸವೆತವಿರಬೇಕು. ಹಲಗೆಯಿಂದ ಹಲಗೆಗೆ ಹೊಡೆದ ಚೌಕ ತಲೆಯ ಮೊಳೆಗಳು, ಅವುಗಳ ಸುತ್ತ ತುಕ್ಕಿನ ಕಲೆ. ಸರಕು ಇಳಿಸುವ ಚೌಕ ಬಾಯಿಯ ಅಂಚಿನಲ್ಲಿ ನಿಂತು ಒಳಗೆ ಇಣುಕಿದೆ. ಒಳಗೆ ಹೋಗುವಂತಿಲ್ಲ. ಹಿಂದೆ ಬಿಡುತ್ತಿದ್ದರಂತೆ. ಡೈವರುಗಳು ಬಿಟ್ಟ ಉಸಿರಿನ ಗುಳ್ಳೆ ಮೇಲಿನ ಹಲಗೆಗಳ ಅಡಿಯಲ್ಲಿ ಸಿಕ್ಕಿಕೊಂಡು, ಅಲ್ಲಲ್ಲಿ ಮರಕ್ಕೆ ಗಾಳಿ ತಗುಲಿ ಕೆಡತೊಡಗಿತು. ಈಗ ಒಳಗಿನಿಂದ ಆನಿಕೆ ಕೊಟ್ಟು ನಿಲ್ಲಿಸಿದ್ದಾರೆ. ನೂರು ವರ್ಷದ ಬಿರುಗಾಳಿ ಮಾಡದ್ದನ್ನು ನೋಡಲು ಬಂದವರ ಉಸಿರು ಮಾಡಿತು. ಇದನ್ನು ತಿಳಿದ ಮೇಲೆ ಹಲಗೆಯ ಮೇಲಿನಿಂದ ಹಾಯುವಾಗ ಉಸಿರು ಬಿಡಲೂ ಸಂಕೋಚವಾಯಿತು.

ಸ್ವಲ್ಪ ದೂರದಲ್ಲಿ ಸಿಟಿ ಆಫ್ ಗ್ರ್ಯಾಂಡ್ ರ್‍ಯಾಪಿಡ್ಸ್. 1907ರ ಅಕ್ಟೋಬರಿನಲ್ಲಿ ಪಕ್ಕದ ಬಂದರಿನಲ್ಲಿ ನಿಂತಿದ್ದಾಗ ಬೆಂಕಿ ಹತ್ತಿತು. ಊರು ಸುಡದಿರಲೆಂದು ಎಳೆದು ಹೊರಗೆ ಬಿಟ್ಟರು, ಉರಿಯುತ್ತಲೇ ತೇಲಿ ಇಲ್ಲಿಗೆ ಬಂದು ಮುಳುಗಿತು. ಉಳಿದದ್ದು ಅಡಿಭಾಗ ಮಾತ್ರ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಕಾಲ್ಬೆರಳು ಇದೆಯೋ ಇಲ್ಲವೋ ಎಂಬ ಅನುಮಾನ ಆಗಲೇ ಶುರುವಾಗಿತ್ತು.

ಮಧ್ಯಾಹ್ನ ಅರೇಬಿಯಾದವರು ಬಂದರು. ಹೊನ್ನಾವರದವನ ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಹೊಳೆಯುತ್ತಿತ್ತು. ತಳದಲ್ಲಿ ಸಿಕ್ಕ ಸಮಯ ಹದಿನೈದು ನಿಮಿಷವೂ ಇಲ್ಲವಂತೆ. "ಲಂಗರು ಈಗ ತಾನೇ ಕಟ್ಟಿಟ್ಟ ಹಾಗಿದೆ ಅಕ್ಕಾ" ಎಂದ. ಟೊರೊಂಟೊ ತಲುಪುವವರೆಗೂ ಅದನ್ನೇ ಹೇಳಿದ, ನಾನೂ ಮತ್ತೆ ಮತ್ತೆ ಕೇಳಿದೆ.

ಸಿಹಿನೀರಿನ ಒಂದು ಸುಖವೆಂದರೆ ಮನೆಗೆ ಬಂದು ಸಾಮಾನಿನ ಉಪ್ಪು ತೊಳೆಯುವ ಕೆಲಸವಿಲ್ಲ. ಸೂಟನ್ನು ಗ್ಯಾರೇಜಿನಲ್ಲಿ ತೂಗುಹಾಕಿ, ಅದರಿಂದ ಹುರಾನ್ ಸರೋವರ ತೊಟ್ಟಿಕ್ಕುವುದನ್ನು ನೋಡುತ್ತಾ ಅಮ್ಮನಿಗೆ ಫೋನ್ ಮಾಡಿದೆ. ಫ್ರೀ-ಫ್ಲೋ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

"ಮರ ಯಾವುದು?" ಎಂದಳು. ಮಲೆನಾಡಿನವಳಿಗೆ ಹಡಗಿನ ಹೆಸರು, ಇಸವಿ ಏತಕ್ಕೆ. ಇಲ್ಲಿ ಹಡಗುಗಳಿಗೆ ಹೆಚ್ಚಾಗಿ ಓಕ್ ಬಳಸುತ್ತಿದ್ದರು ಎಂದೆ.

"ನಮ್ಮದು ಹಲಸು, ಬೋಗಿ, ಎಲ್ಲ ಇತ್ತು. ಅಲ್ಲೇ ಬಿಟ್ಟಿದ್ದರೂ ಹಾಗೆ ಉಳಿಯುತ್ತಿರಲಿಲ್ಲ. ಯಾವಾಗಲೂ ನೀರಿನೊಳಗೇ ಇದ್ದರೆ ಮರಕ್ಕೆ ಏನೂ ಆಗುವುದಿಲ್ಲ. ನಮ್ಮ ಹಿನ್ನೀರು ಪ್ರತಿ ಬೇಸಿಗೆಗೆ ಇಳಿಯುತ್ತದೆ, ಮಳೆಗಾಲಕ್ಕೆ ಏರುತ್ತದೆ. ಒದ್ದೆ, ಒಣಗು, ಒದ್ದೆ, ಒಣಗು. ಯಾವ ಮರ ತಡೆಯುತ್ತದೆ?"

ಈ ವರ್ಷ ಮಳೆ ತಡವಾಗಿ ನೀರು ತೀರಾ ಕೆಳಗೆ ಹೋಗಿತ್ತು. ಲಿಂಗನಮಕ್ಕಿಗಿಂತ ಮೊದಲಿನ ಮಡೆನೂರು ಅಣೆಕಟ್ಟು ಮೇಲೆದ್ದು ಕಂಡಿತಂತೆ, ಜನ ಜಾತ್ರೆಯಂತೆ ಹೋಗಿ ನೋಡಿ ಬಂದರಂತೆ. ನನ್ನ ಸೋದರಮಾವ ಹಳೆಯ ಮನೆಯ ಜಾಗದವರೆಗೂ ಕೆಸರಿನಲ್ಲಿ ನಡೆದುಹೋಗಿದ್ದರು. ಹೊರಡುವಾಗ ಎಲ್ಲವನ್ನೂ ಲಾರಿಗೆ ಹೇರಿದ್ದರೂ ಅಡುಗೆಮನೆಯ ಒರಳುಕಲ್ಲನ್ನು ನೆಲದಿಂದ ಕೀಳಲಾಗದೆ ಬಿಟ್ಟಿದ್ದರು. ಹಿಂದೆ ಒಮ್ಮೆ ನೀರು ಇಳಿದಾಗ ಅಮ್ಮನೇ ಅದನ್ನು ನೋಡಿ ಬಂದಿದ್ದಳು.

"ಈ ಸಲ ಕಲ್ಲು ಇಲ್ಲವಂತೆ. ಗುಂಡಿ ಮಾತ್ರ ಇದೆಯಂತೆ. ಯಾರೋ ಎಬ್ಬಿಸಿಕೊಂಡು ಹೋಗಿದ್ದಾರೆ" ಎಂದಳು. "ಅಷ್ಟು ಭಾರದ್ದನ್ನು ಆ ಕೆಸರಿನಲ್ಲಿ ಹೇಗೆ ಹೊತ್ತರೋ."

ಒಂದು ಮೊಳೆಯನ್ನೂ ತರುವಂತಿಲ್ಲ ಎಂದು ಎರಡು ಸಲ ಹೇಳಿದ ಸಿಬ್ಬಂದಿಯ ವಿಷಯವನ್ನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಬಿಲ್ಲೆ ಕೊಡುತ್ತಾರೆ ಎಂದೆಯಲ್ಲ, ಅದನ್ನು ಹಿಂದಕ್ಕೆ ಕೊಟ್ಟೆಯೋ ಇಲ್ಲವೋ?" ಎಂದಳು.